ಎತ್ತಿ ಹಿಡಿದ ಮತಪತ್ರ: ಫಾಂಗ್ ಯೂನ್‌ಚಿಂಗ್ ಅವರಿಗೆ

ನಾನು ಬರೆಯುತ್ತಿರುವುದು ನಡೆದದ್ದನ್ನೇ. ಕಂಡವರ ದನಿ ಅಣಕಿಸುವ ನನ್ನ ಬಾಯಿಯ ಚರಿತ್ರೆ ಬಲ್ಲವರಿಗಾಗಿ ಇದನ್ನು ಮೊದಲೇ ಒತ್ತಿ ಹೇಳುತ್ತಿದ್ದೇನೆ. ತೈವಾನಿನ ನಮ್ಮ ಪಶ್ಚಿಮ ಕರಾವಳಿಯಲ್ಲಿ ಒಳ್ಳೆಯ ಶಿಕ್ಷಕಿಯರು ಹಲವರಿದ್ದಾರೆ; ಆದರೆ ಮೂವತ್ತೈದು ವರ್ಷ ಮಕ್ಕಳಿಗೆ ಗಣಿತ ಕಲಿಸಿ, ಚುನಾವಣೆ ಬಂದಾಗಲೆಲ್ಲ ಅದೇ ತರಗತಿಯಲ್ಲಿ ಊರಿಗೆಲ್ಲ ಎಣಿಕೆ ಕಲಿಸಿದವರು ಮಾನ್ಯ ಫಾಂಗ್ ಯೂನ್‌ಚಿಂಗ್ ಅವರು.

ಮತಪೆಟ್ಟಿಗೆ ಕಾಯುವ ಕೆಲಸಕ್ಕೆ ಸೇರಿದ ನನ್ನ ಮೊದಲ ಚುನಾವಣೆಯಂದು ನನಗೆ ಜ್ವರವಿತ್ತು. ಮತಗಟ್ಟೆಯ ಮುಖ್ಯಸ್ಥೆಯಾಗಿದ್ದೂ ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನನ್ನ ಪಾಲಿನ ಎಂಟು ಗಂಟೆ ತಾವೇ ನಿಂತರು. ಆ ಉಪಕಾರಕ್ಕೆ ನಾನು ಸಲ್ಲಿಸಿದ ಪ್ರತ್ಯುಪಕಾರವನ್ನು ಈಗ ನಿವೇದಿಸುತ್ತೇನೆ.

ನಾಲ್ಕು ವರ್ಷದ ಹಿಂದೆ, ಗ್ರಾಮ ಮುಖಂಡನ ಚುನಾವಣೆಯ ಮುನ್ನಾದಿನ ಎಣಿಕೆಯ ತಾಲೀಮು ನಡೆದಿತ್ತು. ಒಬ್ಬರು ಮತಪತ್ರವನ್ನು ಜನರೆದುರು ಎತ್ತಿ ಹಿಡಿದು ಕೂಗಬೇಕು. ಇನ್ನೊಬ್ಬರು ಗೋಡೆಯ ಹಾಳೆಯ ಮೇಲೆ ಗೆರೆ ಎಳೆಯಬೇಕು. ನಾನು ಬಾಗಿಲ ಮರೆಯಿಂದ, ಫಾಂಗ್ ಅವರದೇ ಮೂಗುದನಿಯಲ್ಲಿ, "ಎರಡನೇ ನಂಬರ್, ಒಂದು ಮತ!" ಎಂದೆ. ಗೆರೆ ಎಳೆಯುವ ಚುವಾಂಗ್ ತಿರುಗಿಯೂ ನೋಡದೆ ಗೆರೆ ಎಳೆದುಬಿಟ್ಟ. ಆಗ ಫಾಂಗ್ ಅವರ ಕೈಯಲ್ಲಿದ್ದದ್ದು ಚಹಾ ಲೋಟ!

"ನನ್ನ ದನಿ ನಂಬಿ ಕೆಟ್ಟೆಯಲ್ಲೋ ಚುವಾಂಗ್! ನಾಳೆ ಕಾಗದ ನೋಡ್ದೆ ಗೆರೆ ಎಳೀಬೇಡ," ಎಂದರು. ನನ್ನತ್ತ ತಿರುಗಿ, "ನೀನು ಬಾಯಿ ಮುಚ್ಕೊಂಡು ಪೆಟ್ಟಿಗೆ ಕಾಯಿ."

ಸಂಜೆಯೊಳಗೆ ಸುದ್ದಿ ಮೀನುಪೇಟೆ ಮುಟ್ಟಿತ್ತು. ಮರುದಿನದ ಎಣಿಕೆಯಲ್ಲಿ ಒಂದನೇ ನಂಬರಿನ ಗೂ, ಕಡಲ ಸಿಂಪಿ ಸಾಕುವವರು, ಪಡೆದದ್ದು ಇನ್ನೂರ ಹನ್ನೊಂದು. ಎರಡನೇ ನಂಬರಿನ ಲೈ ಇನ್ನೂರ ಹನ್ನೆರಡು.

"ನಿನ್ನೆ ಟೀಚರ್ ದನೀಲಿ ಕೂಗಿದ ಮಂಗ ಇವನೇ!" ಗೂ ಕಡೆಯವರು ಬಾಗಿಲಿಗೇ ನುಗ್ಗಿದರು. "ಇವತ್ತೂ ಎಷ್ಟು ಸಲ ಕೂಗಿದ್ನೋ!"

ಅವರು ಅಷ್ಟು ವರ್ಷ ಗಳಿಸಿದ್ದ ವಿಶ್ವಾಸವನ್ನು ನನ್ನ ಒಂದು ಕೂಗು ನುಂಗುವುದರಲ್ಲಿತ್ತು. ಫಾಂಗ್ ಅವರು ಫಲಿತಾಂಶದ ಹಾಳೆಗೆ ಇನ್ನೂ ಸಹಿ ಹಾಕಿರಲಿಲ್ಲ. ಲೇಖನಿ ಕೆಳಗಿಟ್ಟು, ಮತಪತ್ರಗಳ ಕಟ್ಟು ಬಿಚ್ಚಿದರು.

"ಇವನೂ ಕೂಗಲ್ಲ, ನಾನೂ ಕೂಗಲ್ಲ. ಎತ್ತಿ ಹಿಡೀತೀನಿ. ನೀವೇ ಓದಿ, ನೀವೇ ಕೂಗಿ."

ಮೊದಲು ಗೂ ಅವರ ಕಟ್ಟು: ಜಗಲಿಯೇ ಅದುರುವಂತೆ ಇನ್ನೂರ ಹನ್ನೊಂದು ಕೂಗು. ಬಳಿಕ ಲೈ ಅವರದು. ಅದೂ ಇನ್ನೂರ ಹನ್ನೊಂದಾಯಿತು. ಫಾಂಗ್ ಅವರ ಕೈಯಲ್ಲಿ ಇನ್ನೊಂದು ಪತ್ರವಿತ್ತು. ಎತ್ತಿ ಹಿಡಿದರು. ಲೈ ಕಡೆಯವರು ಕೂಡ ಗೂ ಅವರತ್ತ ತಿರುಗಿದರು. ನಾನೂರ ಇಪ್ಪತ್ತೆರಡು ಪತ್ರ ಎತ್ತಿದ್ದ ಫಾಂಗ್ ಅವರ ತೋಳು ಕೆಳಗಿಳಿಯಲಿಲ್ಲ.

ಗೂ ಮುಂದೆ ಬಂದರು. ಕನ್ನಡಕ ಏರಿಸಿ, ಮುದ್ರೆ ನೋಡಿದರು. "ಎರಡನೇ ನಂಬರ್, ಒಂದು ಮತ!" ಎಂದು ಕಂಠ ಬಿರಿಯುವಂತೆ ಕೂಗಿದರು. "ಥೂ! ನನ್ ಬಾಯಿಂದಾನೇ ನನ್ನ ಸೋಲಿಸಿಬಿಟ್ರಲ್ಲ ಟೀಚರ್! ಆ ಮಂಗನಿಗೆ ಈ ಕೀಟಲೆ ಕಲಿಸಿದ್ದು ನೀವೇ ಇರ್ಬೇಕು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಊರು ನಕ್ಕಿತು.

ಫಾಂಗ್ ಅವರು ಈಗ ಶಾಲೆಯಿಂದ ನಿವೃತ್ತರಾಗಿದ್ದಾರೆ. ಶಾಲೆಗೆ ನಿವೃತ್ತಿಯ ವಯಸ್ಸುಂಟು, ಮತಗಟ್ಟೆಗೆ ಇಲ್ಲ. ಮುಂದಿನ ಚುನಾವಣೆಯ ಪಟ್ಟಿಗೆ ಅವರ ಹೆಸರನ್ನು ನಾನೇ ಬರೆಸಿ ಬಂದಿದ್ದೇನೆ. ಆ ತೋಳಿಗೆ ನೋವಿಲ್ಲದ ದೀರ್ಘಾಯುಷ್ಯ ದೊರೆಯಲಿ. ಅದರ ಕೆಳಗೆ ಬಾಯಿ ಮುಚ್ಚಿ ಪೆಟ್ಟಿಗೆ ಕಾಯುವ ಭಾಗ್ಯ ನನಗಿರಲಿ.