ಸೊಟ್ಟಗೆ ಹೊಲಿಯಬೇಕಾದ ಮದುವೆ ಗೌನು

“ಮುನ್ನೂರು ವರ್ಷ ಹಳೇ ಫ್ರೆಂಚ್ ಹಾಡಿನ ನಾಟಕವಂತೆ ಅಮ್ಮ, ನಗಿಸುವಂಥದ್ದು. ಮದುಮಗಳು ಕೆಸರುಹೊಂಡದ ರಾಣಿ. ಆ ಪಾರ್ಟು ಹಾಡುವವ ಆರಡಿ ಗಂಡಸು! ದೇವತೆಗಳ ರಾಜ ಮದುವೆ ಆಗ್ತೇನೆ ಅಂತ ಸುಳ್ಳು ಹೇಳ್ತಾನೆ, ಇವಳು ನಂಬ್ತಾಳೆ, ಎಲ್ಲರೂ ನಗ್ತಾರೆ. ಅವಳ ಗೌನು ಸೊಟ್ಟ ಇರಬೇಕಂತೆ. ಸೊಟ್ಟ ಆದ್ರೆ ಬೈತಾರೆ ಅಂತ ನಲವತ್ತು ವರ್ಷ ನೇರ ಹೊಲಿದವ ಮಾರಾಯ್ರೆ ನಾನು, ಈಗ ನೇರ ಹೊಲಿದದ್ದಕ್ಕೆ ಬೈಸಿಕೊಳ್ತಿದ್ದೇನೆ!” ದುಬೈಯ ನೈಫ್ ಪೇಟೆಯಲ್ಲಿ ನನ್ನ ಅಂಗಡಿಯ ಪಕ್ಕದ ಟೈಲರ್ ಇದಿನಬ್ಬರು ಹೀಗೆಯೇ. ದಾರಿಯಲ್ಲಿ ಹೋಗುವವರ ಪ್ಯಾಂಟಿನ ಮಡಿಕೆ ಬಿಚ್ಚಿದ್ದರೆ ಕರೆದು ಕೂರಿಸಿ ಹೊಲಿದುಕೊಡುತ್ತಾರೆ. ಟಿವಿಯಲ್ಲಿ ಸುದ್ದಿ ಬಂದರೆ ಓದುವವನ ಕಾಲರು ನೋಡುತ್ತಾರೆ. ಮೊಮ್ಮಗಳ ನಿಕಾಹ್‌ನಲ್ಲಿ ವರನನ್ನು ಅಪ್ಪಿಕೊಂಡಾಗಲೂ ಇವರ ಕೈ ಅವನ ಭುಜದ ಹೊಲಿಗೆ ತಡವಿತಂತೆ. ಇಂಥವರು ಎರಡು ಸಲ ಗೌನನ್ನು ಸೊಟ್ಟ ಮಾಡಲು ಕೂತು, ಎರಡು ಸಲವೂ ಕೈ ಕೇಳದೆ ಚಂದ ಮಾಡಿಬಿಟ್ಟರು. “ಅಂಕಲ್, ಇನ್ನೊಮ್ಮೆ ಚಂದ ಆದ್ರೆ ಖಲಾಸ್, ಬೇರೆಯವರಿಗೆ ಕೊಡ್ತೇವೆ,” ಎಂದಳು ನಾಟಕದವರ ಬಟ್ಟೆಬರೆ ನೋಡಿಕೊಳ್ಳುವ ಶೆರಿಲ್. “ಎಲ್ಲರೂ ನಗ್ತಿದ್ದಾರೆ ಅಂತ ಆ ಮದುಮಗಳಿಗೆ ಗೊತ್ತುಂಟಾ?” ಎಂದು ಕೇಳಿದರು ಇದಿನಬ್ಬರು. “ಕೊನೆಗೆ ಗೊತ್ತಾಗ್ತದೆ. ಆಗ ಹೊಂಡಕ್ಕೆ ಓಡ್ತಾಳೆ.” ಇದಿನಬ್ಬರು ಗೌನನ್ನು ಮತ್ತೆ ಮೇಜಿನ ಮೇಲೆ ಹರಡಿ ಹೊಲಿಗೆ ಬಿಚ್ಚತೊಡಗಿದರು. ಮರುದಿನ ನೋಡಿದರೆ ಗೌನಿನ ಒಂದು ಭುಜ ಮೇಲೆ, ಒಂದು ಕೆಳಗೆ, ಮಂಗ ಹೊಲಿದ ಹಾಗೆ. ಶೆರಿಲ್ ಬಿದ್ದು ಬಿದ್ದು ನಕ್ಕು ಒಪ್ಪಿಕೊಂಡಳು. ನಾನು ಒಳಗೆ ಕೈಹಾಕಿ ನೋಡಿದೆ: ಮೆತ್ತನೆಯ ರೇಷ್ಮೆ ಅಸ್ತರು, ಗೆರೆ ಎಳೆದಂಥ ಕೈಹೊಲಿಗೆ. “ಇದನ್ನು ಯಾರು ನೋಡ್ತಾರೆ?” ಎಂದೆ. “ಓಡುವಾಗ ಅವಳಿಗೆ ಚುಚ್ಚಬಾರದಲ್ಲ ಅಮ್ಮ,” ಎಂದವರೇ ಪೊರಕೆ ತೆಗೆದುಕೊಂಡು ಅಂಗಡಿಯ ಬಟ್ಟೆಚೂರು ಗುಡಿಸತೊಡಗಿದರು.