ಮಾಮ ತೂಗಿ ಕೊಡಿಸಿದ ಕಂಪ್ಯೂಟರ್

ಗೇಮ್ ಆಡುವ ಕಂಪ್ಯೂಟರಿಗೆಂದು ಸಿಂಧನೂರಿನ ಅಂಗಡಿಯಲ್ಲಿ ನಾನು ಆರಿಸಿದ ಪವರ್ ಸಪ್ಲೈ ಡಬ್ಬಿಯನ್ನು ಮಾಮ ಅಂಗೈ ಮೇಲಿಟ್ಟು, ಕಣ್ಣು ಮುಚ್ಚಿ ತೂಗಿದರು. ಮಾಮ ತುರ್ವಿಹಾಳದಲ್ಲಿ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವವರು.

“ಸಾವ್ಕಾರ್ರ, ಭಾಳ ಹಗುರ ಐತ್ರಿ. ಒಳಗಿನ ತಾಮ್ರ ಉಪವಾಸ ಐತೇನು?”

ಅಂಗಡಿಯವರು ಒಳಗಿಂದ ಇಟ್ಟಿಗೆಯಷ್ಟು ಭಾರದ್ದೊಂದು ತಂದರು. ಅದನ್ನು ಕೊಂಡರೆ ಏಳು ಬಣ್ಣದ ದೀಪವಿರುವ ಗಾಜಿನ ಕಂಪ್ಯೂಟರ್ ಕ್ಯಾಬಿನೆಟ್ಟಿಗೆ ದುಡ್ಡು ಸಾಲುತ್ತಿರಲಿಲ್ಲ. ಆ ದೀಪದ ಸುದ್ದಿಯನ್ನು ನಾನು ಆಗಲೇ ಇಡೀ ಊರಿಗೆ, ಎರಡು ಎಮ್ಮೆ ಸೇರಿಸಿ, ಹೇಳಿಬಿಟ್ಟಿದ್ದೆ.

“ಮಾಮಾ, ಲೈಟ್ ಇಲ್ಲಂದ್ರ ನನ್ನ ಮರ್ಯಾದಿ?”

“ನಿನ್ನ ಲೈಟ್ ನೋಡಿ ನಮ್ಮೂರ ವೋಲ್ಟೇಜ್ ಹೆದರ್ತೈತೇನಲೇ? ಹತ್ತು ವರ್ಷ ಬಾಳಬೇಕಂದ್ರ ಭಾರದ್ದ ತಗೋ.”

ದೀಪವಿಲ್ಲದ ಕರಿ ಪೆಟ್ಟಿಗೆಯೊಂದಿಗೆ ತಲೆ ತಗ್ಗಿಸಿ ಊರಿಗೆ ಬಂದೆ. ಮರುವಾರ ವೋಲ್ಟೇಜ್ ಕುಣಿದಾಗ ನಮ್ಮ ಓಣಿಯಲ್ಲಿ ಮೂರು ಬಲ್ಬು, ಒಂದು ಮಿಕ್ಸರ್ ಸುಟ್ಟುಹೋದವು. ನನ್ನ ಪೆಟ್ಟಿಗೆ ಗುಂಯ್‌ಗುಡುತ್ತಲೇ ಇತ್ತು.

ಈಗ ಗೆಳೆಯರು ಕಂಪ್ಯೂಟರ್ ಕೊಳ್ಳುವಾಗ ನನ್ನನ್ನೇ ಕರೆದೊಯ್ಯುತ್ತಾರೆ. ನಾನೂ ಡಬ್ಬಿಯನ್ನು ಅಂಗೈ ಮೇಲಿಟ್ಟು ಕಣ್ಣು ಮುಚ್ಚುತ್ತೇನೆ. ಏನೂ ತಿಳಿಯುವುದಿಲ್ಲ. ಆದರೆ ಅಂಗಡಿಯವರು ತಾವಾಗಿಯೇ ಒಳಗೆ ಹೋಗಿ ಇನ್ನೊಂದು ತರುತ್ತಾರೆ.