ನನ್ನ ಪಾಲಿನ ಬೈಗುಳ

ಶನಿವಾರ ನಮ್ಮ ಭಜನಾ ಮಂದಿರದಲ್ಲಿ ತಾಳ ತಪ್ಪಿದ್ದು ನಾನು, ಮಕ್ಕಳಲ್ಲ. ನೆಲ ಜಾರುತ್ತಿತ್ತು, ಮೈಕ್ ಕಿರುಚಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಆದರೆ ಮಂದಿರದ ಹಿತ್ತಾಳೆಯ ತಾಳ ನನ್ನ ಕೈಗೆ ಬಂದು ನಲವತ್ತು ವರ್ಷ ದಾಟಿತು. ಆಗ ಭಜನೆಯೆಂದರೆ ಚಾಪೆಯಲ್ಲಿ ಕೂತು ಹಾಡುವುದು. ಈಗಿನ ಮಕ್ಕಳು ಒಂದೇ ಬಣ್ಣದ ಉಡುಪು ಹಾಕಿ, ದೀಪದ ಸುತ್ತ ಕುಣಿಯುತ್ತ ಹಾಡುತ್ತಾರೆ. ಒಳ್ಳೆಯದನ್ನೂ ಹೇಳಬೇಕಲ್ಲ, ನಾಲ್ಕು ಮುದುಕಿಯರೂ ಒಂದು ಬೆಕ್ಕೂ ಇರುತ್ತಿದ್ದ ಮಂದಿರದಲ್ಲಿ ಈಗ ಚಪ್ಪಲಿ ಬಿಡಲು ಜಾಗವಿಲ್ಲ. ಅಜ್ಜ, ಮಗ, ಮೊಮ್ಮಗಳು ಒಂದೇ ಸಾಲಿನಲ್ಲಿ ನಿಂತು ಪ್ರಸಾದದ ಅವಲಕ್ಕಿಗೆ ಕೈಯೊಡ್ಡುತ್ತಾರೆ. ಆದರೆ ಕೊನೆಯ ಸುತ್ತಿನ ಆ ವೇಗ! ದೇವರಿಗೇನು ಬಸ್ಸು ಹಿಡಿಯಲಿಕ್ಕುಂಟೇ?

ಆ ದಿನ ಕೈ ಸೋತದ್ದು ಅರ್ಧ, ಹಟ ಅರ್ಧ, ನಾನು ನಿಧಾನವಾಗಿಯೇ ಬಾರಿಸಿದೆ. ಉಳಿದ ಮಕ್ಕಳು ಹಾಡಿನ ವೇಗಕ್ಕೆ ಹೆಜ್ಜೆ ಹಾಕಿದರು. ಮುಂದಿದ್ದ ನನ್ನ ಮೊಮ್ಮಗಳು ಶ್ರಾವ್ಯ ಮಾತ್ರ ನನ್ನ ತಾಳವನ್ನೇ ನಂಬಿದಳು. ಹಿಂದಿನವಳು ಬಂದು ಅವಳ ಬೆನ್ನಿಗೆ ಬಿದ್ದಳು, ಆಮೇಲೆ ಎಲ್ಲರೂ ರಾಶಿ.

ಕುಣಿತ ಕಲಿಸುವ ಯತೀಶ ಅವಳ ಮೇಲೆಯೇ ರೇಗಿದ. “ಎಂತ ಶ್ರಾವ್ಯ, ಗಮನ ಎಲ್ಲಿ ಉಂಟು ನಿಂದು? ಕಲ್ಲುಗುಂಡಿಗೆ ನೀನು ಬರುದು ಬೇಡ!”

ಮುಂದಿನ ವಾರ ಕಲ್ಲುಗುಂಡಿ ಊರಿನ ಭಜನೋತ್ಸವದಲ್ಲಿ ಕುಣಿಯಲೆಂದು ಅವಳು ಎರಡು ತಿಂಗಳಿಂದ ಅಡುಗೆಮನೆಯಲ್ಲೂ ಹೆಜ್ಜೆ ಹಾಕುತ್ತಿದ್ದಳು. ನನ್ನನ್ನೊಮ್ಮೆ ನೋಡಿದಳು, ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಅವಲಕ್ಕಿ ತಿಂದೆ.

ಹಿರಿಯರಿಗೆ ಮರ್ಯಾದೆ ಕೊಡುವ ಊರು ನಮ್ಮದು. ಆ ಮರ್ಯಾದೆಯ ಭಾರ ಹೊರುವವರು ಯಾರೆಂದು ನೀವು ಯೋಚಿಸಿದ್ದೀರಾ? ನನ್ನ ಅತ್ತೆ ಸಾರಿಗೆ ಎರಡು ಸಲ ಉಪ್ಪು ಹಾಕಿದ ದಿನ ಬೈಗುಳ ತಿಂದವಳು ನಾನು. ದೊಡ್ಡವರ ತಪ್ಪು ನೀರಿದ್ದ ಹಾಗೆ, ತಗ್ಗು ಹುಡುಕಿಕೊಂಡು ಹರಿಯುತ್ತದೆ. ಮನೆಯಲ್ಲಾದರೂ ಮಂದಿರದಲ್ಲಾದರೂ ಎಲ್ಲಕ್ಕಿಂತ ತಗ್ಗಿನಲ್ಲಿರುವವರು ಮಕ್ಕಳು. ಇಷ್ಟು ತಿಳಿದವಳು ಅಲ್ಲಿ ಸುಮ್ಮನೆ ಕೂತಿದ್ದೆನಲ್ಲ, ಅದಕ್ಕೆ ಕೈನೋವಿನ ನೆಪ ಹೇಳಲು ಬರುವುದಿಲ್ಲ.

ಮರುದಿನ ಬೆಳಿಗ್ಗೆ ಚಹಾ ಕುಡಿದವಳೇ ಶ್ರಾವ್ಯಳನ್ನು ಕರೆದುಕೊಂಡು ಯತೀಶನ ಮನೆಗೆ ಹೋದೆ. ಅವನು ಅಂಗಳದಲ್ಲಿ ಬೈಕ್ ತೊಳೆಯುತ್ತಿದ್ದ.

“ನಿನ್ನೆ ತಾಳ ತಪ್ಪಿದ್ದು ನಾನು ಮಾರಾಯ.”

“ಗೊತ್ತುಂಟು ಅಜ್ಜಿ.”

“ಗೊತ್ತಿದ್ದೂ ಮಗುವಿಗೆ ಬೈದದ್ದಾ?”

“ಮತ್ತೆ ನಿಮಗೆ ಬೈಲಿಕ್ಕೆ ಆಗ್ತದಾ?”

“ಆಗ್ತದೆ. ಬೈ. ಇವಳೆದುರೇ ಬೈ.”

ಅವನು ಪೈಪ್ ಕೆಳಗಿಟ್ಟು ತಲೆ ಕೆರೆದುಕೊಂಡ. “ಅಜ್ಜಿ, ನೀವು ಸ್ವಲ್ಪ ಬೇಗ ಹೊಡೆದಿದ್ರೆ…”

“ಇದು ಬೈಗುಳವಾ? ನಿನ್ನೆ ಇವಳಿಗೆ ಹೇಳಿದ ಹಾಗೆ ಹೇಳು.”

ಅವನು ಕಣ್ಣು ಮುಚ್ಚಿಕೊಂಡ. “ಎಂತ ಅಜ್ಜಿ, ಗಮನ ಎಲ್ಲಿ ಉಂಟು ನಿಮ್ಮದು!”

ಒಳಗಿನಿಂದ ಅವನ ಅಮ್ಮ ಗಾಬರಿಯಿಂದ ಓಡಿಬಂದಳು. ಶ್ರಾವ್ಯ ಮಾತ್ರ ಸೊಂಟಕ್ಕೆ ಕೈಯಿಟ್ಟು, “ಯತೀಶಣ್ಣ, ಪೂರ್ತಿ ಆಗ್ಲಿಲ್ಲ. ಕಲ್ಲುಗುಂಡಿಗೆ ಬರುದು ಬೇಡಾಂತ ಹೇಳ್ಲಿಕ್ಕೆ ಬಾಕಿ ಉಂಟು” ಎಂದಳು.

ಅದನ್ನೂ ಹೇಳಿಸಿಕೊಂಡೆ. ಅವಳು ಹೋಗುವುದು, ನಾನು ಉಳಿಯುವುದು ಎಂದು ಆ ಅಂಗಳದಲ್ಲೇ ತೀರ್ಮಾನ ಮಾಡಿ, ಅವನ ಅಮ್ಮ ಕೊಟ್ಟ ಎರಡನೇ ಚಹಾವನ್ನೂ ಕುಡಿದು ಬಂದೆ.